ಮರದ ಹುಡಿ ಹಾರುತ್ತಿದ್ದ ಮನೆ

ಮೊನ್ನೆ ಬ್ರಹ್ಮಾವರದ ಒಂದು ಫರ್ನಿಚರ್ ವರ್ಕ್‌ಶಾಪಿಗೆ ಹೋಗಿದ್ದೆ. ನನಗೊಂದು ಮಂಚ ಬೇಕಿತ್ತು, ಎತ್ತರ ಕಡಿಮೆ ಇರುವಂಥದ್ದು. ನನ್ನ ಮಂಡಿಗಳಿಗೆ ಈಗ ರೆಡಿಮೇಡ್ ಮಂಚ ಹತ್ತುವುದೆಂದರೆ ರಶ್ಶಿನ ಬಸ್ಸು ಹತ್ತಿದ ಹಾಗೆ. ಒಳಗೆ ಮರ ಕೊಯ್ಯುವ ಟೇಬಲ್ ಸಾ ಓಡುತ್ತಿರುವ ಸದ್ದು ಕೇಳಿ, ಹಳೆಯ ಅಭ್ಯಾಸದಂತೆ ಸೆರಗನ್ನು ಮೂಗಿಗೆ ಹಿಡಿದುಕೊಂಡೇ ಕಾಲಿಟ್ಟೆ. ನೋಡಿದರೆ ನೆಲದ ಮೇಲೆ ಹುಡಿಯೇ ಇಲ್ಲ. ಮೆಷಿನ್ನಿನ ಹೊಟ್ಟೆಯಿಂದ ಆನೆಯ ಸೊಂಡಿಲಿನಂಥ ಪೈಪೊಂದು ಹೊರಟು, ಮೂಲೆಯಲ್ಲಿ ಉಬ್ಬಿ ನಿಂತಿದ್ದ ಬಟ್ಟೆಯ ಚೀಲಕ್ಕೆ ಸೇರಿತ್ತು. ಬ್ಲೇಡಿನ ಮೇಲೂ ಒಂದು ಮುಚ್ಚಳ, ಅದಕ್ಕೂ ಒಂದು ಸಣ್ಣ ಪೈಪು. ಮಾಲೀಕ ಬಿಳಿ ಶರ್ಟು ಹಾಕಿಕೊಂಡಿದ್ದ. ಮರದ ಕೆಲಸದವರೊಬ್ಬರು ಬಿಳಿ ಶರ್ಟಿನಲ್ಲಿ ಕೆಲಸಕ್ಕೆ ನಿಂತದ್ದನ್ನು ನಾನು ನನ್ನ ಲೈಫಿನಲ್ಲಿ ನೋಡಿದ್ದು ಅದೇ ಮೊದಲು. ಹುಡಿಯೆಲ್ಲ ಎಲ್ಲಿಗೆ ಹೋಯಿತು ಮಾರಾಯ ಎಂದು ಕೇಳಿದೆ.

"ಅದೇ ಎಳ್ಕಂತ್ ಅಮ್ಮ. ಎಲ್ಲ ಆ ಚೀಲಕ್ಕ್ ಹೋತ್. ಮನೇಲ್ ಹೆಂಡ್ತಿ ಬೈಗ್ಳ್ ಕೇಂಬುದ್ ತಪ್ತ್."

ಅವನು ನಕ್ಕ, ನಾನೂ ನಕ್ಕೆ. ಮಂಚದ ಅಳತೆ ಹೇಳುವುದನ್ನು ಮರೆತು ರಸ್ತೆಗೆ ಬಂದುಬಿಟ್ಟಿದ್ದೆ. ಇಷ್ಟು ಸಿಂಪಲ್ಲಾ? ಒಂದು ಪೈಪು, ಒಂದು ಚೀಲ? ಐ ವಾಸ್ ನಾಟ್ ಹ್ಯಾಪಿ, ಐ ವಾಸ್ ನಾಟ್ ಆಂಗ್ರಿ; ಏನಾಗಿತ್ತೆಂದು ಹೇಳಲು ನನಗೆ ಇಂಗ್ಲಿಷಿನಲ್ಲೂ ಬರುವುದಿಲ್ಲ, ಕನ್ನಡದಲ್ಲೂ ಬರುವುದಿಲ್ಲ.

ನಮ್ಮ ಮನೆ ಇದ್ದದ್ದು ಹಂಗಾರಕಟ್ಟೆಯಲ್ಲಿ, ಹೊಳೆಯ ದಂಡೆಗೆ ತಾಗಿಕೊಂಡು. ಅಪ್ಪಯ್ಯ ದೋಣಿ ಕಟ್ಟುತ್ತಿದ್ದರು. ದೋಣಿಯ ಕೆಲಸ ಇಲ್ಲದಾಗ ಬಾಗಿಲು, ಕಿಟಕಿ, ತೊಟ್ಟಿಲು. ನಾನು ಓದಿದ ಕಾನ್ವೆಂಟಿನ ಬೆಂಚುಗಳೂ ಅವರ ಕೈಯವೇ. ಬೆಂಚು ನೋಡಿ ಖುಷಿಯಾದ ಸಿಸ್ಟರು ನಿಮ್ಮ ಮಗಳನ್ನು ನಮ್ಮಲ್ಲಿಗೇ ಕಳಿಸಿ ಎಂದದ್ದರಿಂದ ನಾನು ಪಿನಾಫೋರ್ ಹಾಕಿಕೊಂಡು ಇಂಗ್ಲಿಷ್ ಕಲಿತೆ, ಅಷ್ಟೆ. ಮನೆಯಲ್ಲಿ ಅಪ್ಪಯ್ಯ, ಅಮ್ಮ, ಅಪ್ಪಯ್ಯನ ತಾಯಿ ಅಜ್ಜಿ, ಮತ್ತು ನಾನು. ಇವರೆಲ್ಲರಿಗಿಂತ ದೊಡ್ಡ ಸ್ವರದ್ದು ಮೆಷಿನ್ನು. ಟೇಬಲ್ ಸಾ ಎನ್ನುವ ಹೆಸರು ನಮಗೆ ಗೊತ್ತಿರಲಿಲ್ಲ. ಅಪ್ಪಯ್ಯ ಹಲಸಿನ ಮರದಲ್ಲಿ ತಾವೇ ಮಾಡಿದ ಭಾರೀ ಟೇಬಲ್ಲು, ಅದರ ನಡುವಿನ ಸೀಳಿನಲ್ಲಿ ಅರ್ಧ ಮೇಲೆದ್ದ ಉರುಟು ಬ್ಲೇಡು, ಅಡಿಯಲ್ಲಿ ಮೋಟಾರು, ಬೆಲ್ಟು. ಅಂಗಳಕ್ಕೆ ಉಬ್ಬರದ ದಿನ ಹೊಳೆಯ ನೀರು ಬರುತ್ತಿದ್ದರಿಂದ ಕರೆಂಟಿನ ಮೆಷಿನ್ನನ್ನು ಅಲ್ಲಿ ಇಡುವ ಹಾಗಿರಲಿಲ್ಲ. ಮನೆಯ ಮೂಡು ಬದಿಗೆ ಹೆಂಚಿನ ಮಾಡು ಇಳಿಸಿ ಒಂದು ಶೆಡ್ಡು ಮಾಡಿದ್ದರು. ಶೆಡ್ಡಿಗೂ ಅಡುಗೆಕೋಣೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಅದೂ ಮಾಡಿಗೆ ಮುಟ್ಟದ ಅರ್ಧ ಗೋಡೆ, ಹಳೆಯ ಮನೆಗಳಲ್ಲಿ ಒಲೆಯ ಹೊಗೆ ಹೋಗಲೆಂದು ಬಿಡುತ್ತಿದ್ದ ಹಾಗೆ. ಈ ಕಡೆಯಿಂದ ಹೊಗೆ ಆಚೆ ಹೋಗುತ್ತಿತ್ತು, ಆ ಕಡೆಯಿಂದ ಹುಡಿ ಈಚೆ ಬರುತ್ತಿತ್ತು.

ಶಾಲೆಯಿಂದ ಬಂದು ಮನೆಯೊಳಗೆ ಕಾಲಿಟ್ಟರೆ ಇವತ್ತು ಯಾವ ಮರ ಎಂದು ನನಗೆ ನೆಲ ನೋಡಿಯೇ ಗೊತ್ತಾಗುತ್ತಿತ್ತು. ಹೆಬ್ಬಲಸು ಆದರೆ ಅರಸಿನ ಚೆಲ್ಲಿದ ಹಾಗೆ. ಮಾವು ಆದರೆ ಹಳೆಯ ಅಕ್ಕಿಹಿಟ್ಟಿನ ಬಣ್ಣ. ದೇವರ ಫೋಟೋದ ಕಟ್ಟಿನ ಮೇಲೆ, ಉಪ್ಪಿನ ಮರಿಗೆಯ ಮೇಲೆ, ಅಜ್ಜಿಯ ಹುಬ್ಬಿನ ಮೇಲೆ. ಊಟಕ್ಕೆ ಬಟ್ಟಲು ಕವುಚಿ ಇಡುವುದು ನಮ್ಮ ಮನೆಯ ರಿಚುವಲ್ಲು. ಎಲ್ಲರೂ ಕುಳಿತ ಮೇಲೆ ಅಮ್ಮ ಒಬ್ಬೊಬ್ಬರ ಬಟ್ಟಲನ್ನೇ ಮಗುಚಿ ಗಂಜಿ ಬಡಿಸಬೇಕು, ನಾವು ಎಡಗೈ ಅಡ್ಡ ಹಿಡಿದುಕೊಂಡು ಬೇಗ ಬೇಗ ಉಣ್ಣಬೇಕು. ಕಾನ್ವೆಂಟಿನಲ್ಲಿ ಟೇಬಲ್ ಮ್ಯಾನರ್ಸ್ ಕಲಿಸಿದಾಗಲೂ ನನ್ನ ಎಡಗೈ ತಾನಾಗಿಯೇ ಬಟ್ಟಲಿನ ಮೇಲೆ ಹೋಗುತ್ತಿತ್ತು. ನಿನ್ನ ಅನ್ನವನ್ನು ಇಲ್ಲಿ ಯಾರೂ ಸ್ಟೀಲ್ ಮಾಡುವುದಿಲ್ಲ ಚೈಲ್ಡ್ ಎಂದು ಸಿಸ್ಟರು ಹೇಳಿದರೆ ಇಡೀ ಸಾಲು ನಗುತ್ತಿತ್ತು. ಈಗಲೂ ನಾನು ಉಣ್ಣುವುದು ಹಾಗೆಯೇ.

ಅಮ್ಮನಿಗೆ ಮೊದಲು ಬಂದದ್ದು ಸೀನು. ಆಮೇಲೆ ಕೆಮ್ಮು. ಆಮೇಲೆ, ನಾನು ಹೈಸ್ಕೂಲಿಗೆ ಹೋಗುವ ಹೊತ್ತಿಗೆ, ಉಬ್ಬಸ. ಚಾಪೆಯಲ್ಲಿ ಮಲಗಲಾಗದೆ ಗೋಡೆಗೆ ಒರಗಿ, ಎರಡೂ ಕೈ ನೆಲಕ್ಕೆ ಊರಿ ಕುಳಿತಿರುತ್ತಿದ್ದಳು. ಅವಳ ಎದೆಯೊಳಗೆ ಯಾರೋ ಸಣ್ಣ ಗರಗಸ ಎಳೆದ ಹಾಗೆ ಕೇಳುತ್ತಿತ್ತು. ಅಜ್ಜಿ ಅದು ಮೊಸರಿನಿಂದ ಎಂದಳು, ಮೊಸರು ನಿಂತಿತು. ತಲೆಗೆ ಮೀಯುವುದರಿಂದ ಎಂದಳು, ಅದೂ ನಿಂತಿತು. ಹುಡಿಯಿಂದ ಎಂದು ಯಾರೂ ಹೇಳಲಿಲ್ಲ. ಗೊತ್ತಿರಲಿಲ್ಲ ಎಂದಲ್ಲ. ಹೇಳಿದರೆ ಮುಂದೆ ಏನು ಮಾಡುವುದು ಎಂದು ಯಾರಿಗೂ ಗೊತ್ತಿರಲಿಲ್ಲ.

ಕೊನೆಗೆ ಅಪ್ಪಯ್ಯ ಕುಂದಾಪುರದ ಒಬ್ಬ ಡಾಕ್ಟರರ ಹತ್ತಿರ ಕರೆದುಕೊಂಡು ಹೋದರು. ಬೇರೆ ಊರಿನಿಂದ ಬಂದ ಡಾಕ್ಟರು, ಕನ್ನಡ ಅಷ್ಟಕ್ಕಷ್ಟೆ. ಟ್ರಾನ್ಸ್‌ಲೇಟರ್ ಆಗಿ ನಾನು. ಇಂಗ್ಲಿಷು ಮನೆಗೆ ಉಪಯೋಗಕ್ಕೆ ಬಂದ ಮೊದಲ ದಿನವೆಂದು ನಾನು ಎರಡು ಜಡೆಗೂ ರಿಬ್ಬನ್ ಕಟ್ಟಿಕೊಂಡು ಹೋಗಿದ್ದೆ. ಅವರು ಸ್ಟೆತಸ್ಕೋಪು ಇಟ್ಟು ಕೇಳಿ, ಮನೆಯಲ್ಲಿ ಏನು ಕೆಲಸ ಎಂದು ವಿಚಾರಿಸಿ, ಕೀಪ್ ಹರ್ ಅವೇ ಫ್ರಮ್ ಡಸ್ಟ್ ಎಂದರು. ಅಷ್ಟು ಸಣ್ಣ ಸೆಂಟೆನ್ಸು. ಅದನ್ನು ಕನ್ನಡಕ್ಕೆ ತರಲು ನನಗೆ ಇಡೀ ಕನ್ನಡ ಸಾಲದಾಯಿತು.

"ಹುಡಿ ಇಲ್ದಿದ್ದಲ್ಲ್ ಇರ್ಕಂಬ್ರ್, ಅಮ್ಮ."

"ಗಂಡ ಇಲ್ದಿದ್ದಲ್ಲ್ ಅಂದೇಳಿ ಹೇಳುದಾ? ಸಮಾ ಕೇಣ್ ಮಗಾ."

ಅಮ್ಮ ತಮಾಷೆಗೇ ಹೇಳಿದ್ದು. ಅಪ್ಪಯ್ಯ ಗೋಡೆಯ ಕ್ಯಾಲೆಂಡರನ್ನೇ ನೋಡುತ್ತಿದ್ದರು. ಡಾಕ್ಟರು ವಾಟ್ ಡಿಡ್ ಶಿ ಸೇ ಎಂದು ನನ್ನನ್ನು ಕೇಳಿದರು. ಶಿ ಸೇಯ್ಸ್ ಥ್ಯಾಂಕ್ಯೂ ಎಂದೆ.

ಅಲ್ಲಿಂದ ಬಂದ ಮೇಲೆ ಅಪ್ಪಯ್ಯ ಹುಡಿಯ ಹಿಂದೆ ಬಿದ್ದರು. ಮೊದಲು ಅರ್ಧ ಗೋಡೆಯ ಮೇಲಿನ ಖಾಲಿ ಜಾಗಕ್ಕೆ ಗೋಣಿ ಇಳಿಬಿಟ್ಟು ನೀರು ಹೊಡೆದರು. ಒದ್ದೆ ಇರುವಷ್ಟು ಹೊತ್ತು ಗೋಣಿ ಹುಡಿಯನ್ನು ಹಿಡಿಯುತ್ತಿತ್ತು, ಒಣಗಿದ ಮೇಲೆ ಗಾಳಿಗೆ ಒಂದು ಸಲ ಕೊಡವಿಕೊಂಡು ಹಿಡಿದದ್ದನ್ನೆಲ್ಲ ಒಮ್ಮೆಗೇ ಅನ್ನದ ಪಾತ್ರೆಗೆ ಹಾಕುತ್ತಿತ್ತು. ಒಲೆಯ ಹೊಗೆಗೆ ಬೇರೆ ದಾರಿ ಇಲ್ಲದೆ ಅಮ್ಮನ ಕಣ್ಣು ಕೆಂಪಾಯಿತು. ಗೋಣಿ ತೆಗೆದರು. ಆಮೇಲೆ ಟೇಬಲ್ಲಿನ ಹೊಟ್ಟೆಯನ್ನು ಸುತ್ತಲೂ ಹಲಗೆ ಹೊಡೆದು ಮುಚ್ಚಿ, ಅಡಿಗೆ ಇಳಿಜಾರು ಮಾಡಿ ಒಂದು ಪೆಟ್ಟಿಗೆ ಇಟ್ಟರು. ಚಂದದ ಪೆಟ್ಟಿಗೆ, ನಾಜೂಕಿನ ಕೂಡುಗೆಯದ್ದು, ದೇವರ ಕೋಣೆಯಲ್ಲಿ ಇಡಬಹುದಾದಂಥದ್ದು. ದಪ್ಪ ಹುಡಿಯೆಲ್ಲ ಅದಕ್ಕೆ ಬಿತ್ತು. ಆದರೆ ಉಸಿರಿಗೆ ಹೋಗುವುದು ದಪ್ಪ ಹುಡಿಯಲ್ಲ. ಬ್ಲೇಡಿನ ಹಲ್ಲು ಮೇಲಿನಿಂದ ಎಸೆಯುವ ಹಿಟ್ಟಿನಂಥದ್ದು ಬಿಸಿಲಿನ ಕೋಲಿನಲ್ಲಿ ಹೊಳೆಯುತ್ತ, ಯಾವ ಅವಸರವೂ ಇಲ್ಲದೆ, ಗೋಡೆ ದಾಟಿ ಬರುತ್ತಲೇ ಇತ್ತು. ಗಾಳಿ ಇಲ್ಲದ ಪೆಟ್ಟಿಗೆಯೊಳಗೆ ಮೋಟಾರು ಕಾದು ಸುಟ್ಟ ವಾಸನೆ ಬಂತು. ಹಲಗೆಗಳನ್ನೂ ಬಿಚ್ಚಿದರು. ಮೆಷಿನ್ನನ್ನು ಪಡು ಬದಿಗೆ ಸಾಗಿಸಿದರೆ ಹೇಗೆ ಎಂದು ನೋಡಿದರು. ಬೆಳಿಗ್ಗೆ ಗಾಳಿ ಮೂಡಿನಿಂದ ಸಮುದ್ರದ ಕಡೆಗೆ, ಮಧ್ಯಾಹ್ನದ ಮೇಲೆ ಸಮುದ್ರದಿಂದ ಮೂಡಿಗೆ. ಯಾವ ಬದಿಗಿಟ್ಟರೂ ಅರ್ಧ ದಿನ ಮನೆ ಹುಡಿಯ ದಾರಿಯಲ್ಲೇ. ಮರಕ್ಕೆ ನೀರು ಚಿಮುಕಿಸಿ ಕೊಯ್ದರು, ಹುಡಿ ಎದ್ದೇಳಲಿಲ್ಲ. ಆದರೆ ಹಲಗೆ ಒದ್ದೆಗೆ ಉಬ್ಬಿ ಬ್ಲೇಡನ್ನು ಹಿಡಿದುಕೊಂಡಿತು. ಒದ್ದೆ ಹಲಗೆಯನ್ನು ದೋಣಿಗೆ ಕೂಡಿಸಿದರೆ ಒಣಗಿ ಬಿರುಕು ಬಿಡುವುದು ಗ್ಯಾರಂಟಿ. ಸಮುದ್ರಕ್ಕೆ ಹೋಗುವವರ ಜೀವ ಅದು. ಪ್ರತಿ ಸಲವೂ ಅವರು ಅಮ್ಮನನ್ನು ಕರೆದು ಈಗ ಹೇಗಿದೆ ಎಂದು ಕೇಳುತ್ತಿದ್ದರು. ಅಮ್ಮ ಪ್ರತಿ ಸಲವೂ ಅಡ್ಡಿಲ್ಲೆ ಎನ್ನುತ್ತಿದ್ದಳು, ಎನ್ನುತ್ತಲೇ ಕೆಮ್ಮುತ್ತಿದ್ದಳು.

ದೋಣಿಯ ಹುಡಿಯದ್ದು ಮಾತ್ರ ಬೇರೆಯೇ ಕತೆ. ಬಾಗಿಲು ಕಿಟಕಿಗಳ ಹುಡಿಯನ್ನು ಅಮ್ಮ ತಗಡಿನ ಡಬ್ಬಕ್ಕೆ ಒತ್ತಿ ತುಂಬಿ ಹುಡಿ ಒಲೆ ಹೊತ್ತಿಸುತ್ತಿದ್ದಳು, ಅದರಲ್ಲಿ ಬಚ್ಚಲಿನ ನೀರು ಕಾಯುತ್ತಿತ್ತು. ದೋಣಿಗೆಂದು ಕೊಯ್ದ ಮರದ ಹುಡಿಯನ್ನು ಹಾಗೆ ಸುಡುವಂತಿಲ್ಲ, ಹೊರಗೆ ಚೆಲ್ಲುವಂತಿಲ್ಲ. ದೋಣಿ ನೀರಿಗಿಳಿಯುವವರೆಗೆ ಅದನ್ನು ಮನೆಯೊಳಗೇ ಕಾಪಾಡಬೇಕು. ಅದೂ ದೋಣಿಯ ಮೈಯೇ ಎಂದು ಅಜ್ಜಿ ಹೇಳುತ್ತಿದ್ದಳು. ನಮ್ಮ ಮನೆಯವರು ಎಷ್ಟು ತಲೆಮಾರಿನಿಂದ ಹಾಗೆ ಮಾಡಿಕೊಂಡು ಬಂದರೋ ಗೊತ್ತಿಲ್ಲ. ದೋಣಿ ಇಳಿಸುವ ದಿನ ಉಬ್ಬರ ತುಂಬಿದಾಗ ಹುಡಿಯನ್ನು ಹೂವಿನ ಜೊತೆ ನೀರಿಗೆ ಬಿಡುವುದು, ದೋಣಿ ಅದರ ಮೇಲೆ ಹಾದು ಹೋಗುವುದು. ನೋಡಲು ಬಹಳ ಬ್ಯೂಟಿಫುಲ್. ಆದರೆ ಕೈಗರಗಸದ ಕಾಲದಲ್ಲಿ ಹುಡಿ ಒಂದು ಬುಟ್ಟಿಯಷ್ಟು ಇರುತ್ತಿತ್ತಂತೆ. ಮೆಷಿನ್ನು ಬಂದ ಮೇಲೆ ಗೋಣಿಗಟ್ಟಲೆ. ಹೊಳೆಯ ಥಂಡಿ ತಾಗಬಾರದೆಂದು ಆ ಗೋಣಿಗಳನ್ನು ಒಳಕೋಣೆಯಲ್ಲಿ ಒಟ್ಟುತ್ತಿದ್ದರು. ಅಮ್ಮನೂ ನಾನೂ ಮಲಗುತ್ತಿದ್ದದ್ದು ಅದೇ ಕೋಣೆಯಲ್ಲಿ. ಅಮ್ಮ ರಾತ್ರಿ ಬೆನ್ನು ಕೊಟ್ಟು ಒರಗುತ್ತಿದ್ದದ್ದು ಆ ಗೋಣಿಗಳಿಗೇ.

ಒಂದು ಮಳೆಗಾಲ ದೊಡ್ಡ ದೋಣಿಯೊಂದರ ಕೆಲಸ ಬಂತು. ಮಳೆಗೆ ಶೆಡ್ಡಿನ ಮೂರೂ ಬದಿ ತೆಂಗಿನ ಗರಿಯ ತಟ್ಟಿ ಕಟ್ಟಿದ್ದರಿಂದ ಹುಡಿಗೆ ಹೋಗಲು ಮನೆಯೊಂದೇ ಉಳಿಯಿತು. ಅಮ್ಮನ ತುಟಿ ನೀಲಿಗೆ ತಿರುಗಿದ್ದನ್ನು ನಾನು ನೋಡಿದ್ದು ಆಗ. ಒಂದು ಬೆಳಿಗ್ಗೆ ಅಪ್ಪಯ್ಯ ಯಾರ ಹತ್ತಿರವೂ ಹೇಳದೆ ಗೋಣಿಗಳನ್ನು ಹೆಗಲಿಗೇರಿಸಿ ಒಂದೊಂದಾಗಿ ಹೊಳೆಗೆ ಸುರಿದರು. ದೋಣಿ ಇನ್ನೂ ಅರ್ಧವೂ ಆಗಿರಲಿಲ್ಲ. ಅಜ್ಜಿ ಜಗುಲಿಯ ಕಂಬ ಹಿಡಿದು ನಿಂತು ನೋಡಿದಳು.

"ನಿನ್ ಅಪ್ಪ ಇಪ್ಪ ಹೊತ್ತಿಗೆ ಹೀಂಗ್ ಆಯ್ಲಿಲ್ಲೆ," ಎಂದಳು.

ಅಷ್ಟೇ ಹೇಳಿದ್ದು. ಆ ಹೊತ್ತು ಅವಳು ಉಣ್ಣಲಿಲ್ಲ. ಕವುಚಿದ ಬಟ್ಟಲು ಕವುಚಿಯೇ ಉಳಿಯಿತು. ಸಂಜೆ ಅವಳನ್ನು ಉಣ್ಣಲು ಎಬ್ಬಿಸಿದ್ದು ಅಮ್ಮನೇ, ಎರಡು ಮಾತಿಗೊಮ್ಮೆ ನಿಂತು ಉಸಿರೆಳೆದುಕೊಳ್ಳುತ್ತ. ಕೋಣೆ ತೊಳೆದೆವು, ಗೋಡೆಗೆ ಸುಣ್ಣ ಬಳಿದೆವು. ಸ್ವಲ್ಪ ದಿನ ಅಮ್ಮ ಮಲಗಿ ನಿದ್ದೆ ಮಾಡಿದಳು. ದೋಣಿಯ ಕೆಲಸ ಮುಂದುವರಿದಂತೆ ಗಂಜಿಯ ಮೇಲೆ ಮತ್ತೆ ಅರಸಿನದ ಬಣ್ಣದ ಕೆನೆ ಕಟ್ಟಿತು.

ಹಾಗೆ ಅಪ್ಪಯ್ಯ ಅಮ್ಮನನ್ನು ಆಸಾಡಿಗೆಂದು, ಆಷಾಢ ತಿಂಗಳ ಲೆಕ್ಕದಲ್ಲಿ, ತವರಿಗೆ ಕಳಿಸಿದರು. ಅಮ್ಮನ ತವರು ಸಿದ್ದಾಪುರದ ಕಡೆ, ಗುಡ್ಡದ ಬದಿಯಲ್ಲಿ. ಆಸಾಡಿಗೆ ತವರಿಗೆ ಹೋಗುವುದು ಹೊಸ ಮದುಮಗಳು. ಅಮ್ಮ ಟ್ರಂಕು ಹಿಡಿದು ಬಸ್ಸಿಗೆ ಕಾಯುತ್ತಿದ್ದಾಗ ನೆರೆಮನೆಯ ಗಿರಿಜಕ್ಕ ಮೀನಿನ ಬುಟ್ಟಿ ಹೊತ್ತು ಬಂದವಳು ರಸ್ತೆಯಲ್ಲೇ ನಿಂತಳು.

"ಎಂತ ಹೆಣೆ, ಮಗ್ಳ್ ಮದಿ ಪ್ರಾಯಕ್ಕ್ ಬಪ್ಪತಿಗೆ ನಿಂಗ್ ಆಸಾಡಿಯಾ?"

"ಹೂಂ ಗಿರ್ಜಕ್ಕ. ಸೀರಿ ಮಾತ್ರ ಈ ಸಲ ಯಾರೂ ಕೊಡ್ಲಿಲ್ಲೆ."

ಇಬ್ಬರೂ ನಕ್ಕರು. ಗಿರಿಜಕ್ಕ ಕೆಟ್ಟವಳಲ್ಲ. ಆದರೆ ಆ ಮಾತು ಅವಳ ಬುಟ್ಟಿಯ ಜೊತೆ ಮನೆಮನೆಗೆ ಹೋಯಿತು.

ನಾನೂ ಅಪ್ಪಯ್ಯನೂ ಒಂದು ಭಾನುವಾರ ಸಿದ್ದಾಪುರಕ್ಕೆ ಹೋದೆವು. ಬಸ್ಸಿಳಿದು ಗದ್ದೆಯ ಅಂಚಿನಲ್ಲಿ ನಡೆದು, ಕಲ್ಲಿನ ಮೆಟ್ಟಿಲು ಹತ್ತಿ ಹೋಗಬೇಕು ಸೋದರಮಾವನ ಮನೆಗೆ. ಅಮ್ಮ ಗದ್ದೆಯವರೆಗೆ ಎದುರು ಬಂದಿದ್ದಳು. ನನ್ನ ಕೈಯಿಂದ ಚೀಲ ತೆಗೆದುಕೊಂಡು ಮುಂದೆ ನಡೆದಳು, ಮಾವನ ಮನೆಯ ದನ ಕರು ಹಾಕಿದ ಕತೆ ಹೇಳುತ್ತ, ಅಜ್ಜಿ ಉಂಡರಾ ಎಂದು ಕೇಳುತ್ತ, ಮೆಟ್ಟಿಲುಗಳನ್ನು ಹತ್ತಿದಳು. ಹತ್ತುತ್ತ ಮಾತಾಡಿದಳು. ಎಲ್ಲೂ ನಿಲ್ಲಲಿಲ್ಲ. ಅದು ನನಗೆ ಗೊತ್ತಾಗುವ ಮೊದಲೇ ಅಪ್ಪಯ್ಯನಿಗೆ ಗೊತ್ತಾಗಿತ್ತೆಂದು ಕಾಣುತ್ತದೆ, ಅವರು ಕೆಳಗಿನ ಮೆಟ್ಟಿಲಲ್ಲೇ ನಿಂತುಬಿಟ್ಟಿದ್ದರು. ಅಮ್ಮ ಆಮೇಲೆ ಬಹಳ ವರ್ಷ ಬದುಕಿದಳು. ಆದರೆ ಅವಳು ಮೆಟ್ಟಿಲು ಹತ್ತುತ್ತ ಮಾತಾಡಿದ್ದನ್ನು ನಾನು ಮತ್ತೆ ಯಾವತ್ತೂ ನೋಡಲಿಲ್ಲ. ಮದ್ದು ಸಿಕ್ಕಿತ್ತು, ಆದರೆ ಅದು ನಮ್ಮ ಮನೆಯೊಳಗೆ ತರುವಂಥದ್ದಾಗಿರಲಿಲ್ಲ.

ಆಸಾಡಿ ಕಳೆಯಿತು. ಸೋಣ ತಿಂಗಳು ಬಂತು. ಸೋಣದಲ್ಲಿ ದಿನಾ ಬೆಳಿಗ್ಗೆ ಮನೆಯ ಹೆಂಗಸು ಹೊಸ್ತಿಲು ತೊಳೆದು, ಶೇಡಿಯ ಬಿಳಿ ಮಣ್ಣಿನಲ್ಲಿ ರಂಗೋಲಿ ಬರೆದು, ಹೂವಿಟ್ಟು ಪೂಜೆ ಮಾಡಬೇಕು. ಅಜ್ಜಿಗೆ ಬಗ್ಗಲಾಗುವುದಿಲ್ಲ, ನಾನು ಬರೆದರೆ ಗೆರೆ ಸೊಟ್ಟ. ಅತ್ತ ತವರಿನಲ್ಲಿ ಸೋಣಕ್ಕೂ ಗಂಡನ ಮನೆಗೆ ಹೋಗದ ಹೆಂಗಸು ಎಂದು ಬಾವಿಕಟ್ಟೆಯಲ್ಲಿ ಪ್ರಶ್ನೆ ಶುರುವಾಗಿತ್ತಂತೆ. ಮಾವ, ಪಾಪದವರು, ಭಾವ ಏನು ಹೇಳುತ್ತಾರೆ ಎಂದು ಒಂದೇ ಒಂದು ಸಲ ಕೇಳಿದರಂತೆ. ಅಮ್ಮ ಮರುದಿನವೇ ಟ್ರಂಕು ತುಂಬಿದಳು. ಬಾ ಎಂದು ಅಪ್ಪಯ್ಯ ಹೇಳಿರಲಿಲ್ಲ, ಬರಬೇಡ ಎಂದು ಹೇಳುವ ಧೈರ್ಯವೂ ಅವರಿಗಿರಲಿಲ್ಲ. ಹೆಂಡತಿಗೆ ಬರಬೇಡ ಎನ್ನುವುದಕ್ಕೆ ನಮ್ಮ ಊರಿನಲ್ಲಿ ಒಂದೇ ಅರ್ಥ.

ಅವಳು ಬಂದ ದಿನವೇ ಅಪ್ಪಯ್ಯ ಮೆಷಿನ್ನಿನ ಬೆಲ್ಟು ಬಿಚ್ಚಿ ಮೊಳೆಗೆ ತೂಗುಹಾಕಿದರು. ಅಟ್ಟದಿಂದ ಹಳೆಯ ಉದ್ದ ಗರಗಸ ಇಳಿಸಿ ಹಲ್ಲಿಗೆ ಅರ ಹಾಕಿದರು. ಅದಕ್ಕೆ ಎರಡೂ ತುದಿಗೆ ಆಳು ಬೇಕು. ಆ ಸಮಯಕ್ಕೆ ಎಲ್ಲರೂ ದೋಣಿ ರಿಪೇರಿಯಲ್ಲಿ ಬಿಜಿ, ಯಾರೂ ಸಿಗಲಿಲ್ಲ. ಆಚೆ ತುದಿ ಹಿಡಿದದ್ದು ನಾನು, ಶಾಲೆಯಿಂದ ಬಂದು ಪಿನಾಫೋರ್ ಬದಲಿಸದೆ. ಅಂಗೈ ಬೊಬ್ಬೆ ಬಂದು ಒಡೆಯಿತು. ಹುಡಿ ನಿಜಕ್ಕೂ ಕಡಿಮೆ. ಕೆಳಗೆ ಬಿದ್ದದ್ದು ಬಿದ್ದಲ್ಲೇ ಇರುತ್ತಿತ್ತು. ಅಮ್ಮ ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದಳು. ಮೆಷಿನ್ನು ಗುಟುಕು ನೀರು ಕುಡಿಯುವಷ್ಟರಲ್ಲಿ ಮುಗಿಸುವ ಹಲಗೆಗೆ ನಾವು ಒಂದು ಸಂಜೆ ತೆಗೆದುಕೊಳ್ಳುತ್ತಿದ್ದೆವು. ಅದೂ ಗೆರೆ ತಪ್ಪಿ.

ದೋಣಿಯ ಯಜಮಾನರು ಬಂದರು. ಮರ್ಯಾದಸ್ಥರು, ಜಗುಲಿಯಲ್ಲಿ ಕುಳಿತು ಬೆಲ್ಲ ನೀರು ಕುಡಿದೇ ಮಾತೆತ್ತಿದರು. ಸಮುದ್ರ ಪೂಜೆ ಆದ ಮೇಲೆ ಉಳಿದವರ ದೋಣಿಗಳೆಲ್ಲ ಹೊರಡುತ್ತವೆ, ತನ್ನ ಆಳುಗಳು ದಡದಲ್ಲಿ ಕೂರಬೇಕಾಗುತ್ತದೆ, ಕೆಲಸ ಇದೇ ಹದದಲ್ಲಿ ನಡೆದರೆ ಅರ್ಧ ದೋಣಿಯನ್ನು ಬೇರೆಯವರ ಹತ್ತಿರ ಸಾಗಿಸಿ ಮುಗಿಸುವುದೆಂದು ಕಾಣುತ್ತದೆ, ಬೇಜಾರು ಮಾಡಿಕೊಳ್ಳಬೇಡಿ ಎಂದರು. ಅಪ್ಪಯ್ಯ ತಲೆ ತಗ್ಗಿಸಿ, ಆಗುತ್ತದೆ, ಮಾಡಿಕೊಡುತ್ತೇನೆ ಎಂದರು. ನಮ್ಮ ಅಂಗಳದಿಂದ ಅರ್ಧ ಕಟ್ಟಿದ ದೋಣಿ ಯಾವತ್ತೂ ಹೊರಗೆ ಹೋಗಿರಲಿಲ್ಲ. ಹೋದರೆ ಇನ್ನೊಂದು ಬರುವುದೂ ಇಲ್ಲ. ಅರ್ಧ ಗೋಡೆಯ ಆಚೆ ಅಮ್ಮ ಅಕ್ಕಿ ತೊಳೆಯುತ್ತಿದ್ದಳು. ತೊಳೆಯುವ ಸದ್ದು ನಿಂತದ್ದು ನನಗೆ ಕೇಳಿಸಿತು.

ಮರುದಿನ ಬೆಳಿಗ್ಗೆ ಅಮ್ಮ ಹೊಸ್ತಿಲು ಬರೆದು, ಹೂವಿಟ್ಟು, ಕೈ ಮುಗಿದು, ಒದ್ದೆ ಕೈಯಲ್ಲೇ ಶೆಡ್ಡಿಗೆ ಬಂದಳು. ನಾನು ಸ್ಕೂಲ್ ಬ್ಯಾಗು ಹಾಕಿಕೊಂಡು ಹೊರಟಿದ್ದೆ. ಅವಳು ಮೊಳೆಯಿಂದ ಬೆಲ್ಟು ತೆಗೆದು ಅಪ್ಪಯ್ಯನ ಎದುರು ಹಿಡಿದಳು. ಅವರು ತಲೆ ಅಲ್ಲಾಡಿಸಿದರು. ಅವಳು ಹಿಡಿದೇ ನಿಂತಳು. ಅವರು ತಿರುಗಿ ನನ್ನ ಮುಖ ನೋಡಿದರು, ನಾನು ಏನಾದರೂ ಹೇಳುತ್ತೇನೋ ಎಂಬಂತೆ. ನಾನು ಬ್ಯಾಗಿನ ಪಟ್ಟಿ ಸರಿಮಾಡಿಕೊಂಡೆ.

"ನನ್ನ್ ಉಸ್ರ್ ನಾನ್ ಕಾಣ್ಕಂತೆ. ನೀವ್ ಮರ ಕಾಣಿ."

ಅಪ್ಪಯ್ಯ ಬೆಲ್ಟು ಹಾಕಿದರು. ಅವರ ಕೈ ಸ್ವಿಚ್ಚಿನ ಹತ್ತಿರ ಹೋಗಿ ವಾಪಸು ಬಂತು. ಸ್ವಿಚ್ಚು ಒತ್ತಿದ್ದು ಅಮ್ಮ. ಬ್ಲೇಡು ಖಾಲಿಯಾಗಿ ತಿರುಗತೊಡಗಿತು. ಮರ ಕೊಡದಿದ್ದರೆ ಅದೂ ಪಾಪದ ಪ್ರಾಣಿಯೇ, ಹುಡಿಯಿಲ್ಲ, ಬರೀ ಸದ್ದು. ನಾವು ಮೂವರೂ ಅದನ್ನೇ ನೋಡುತ್ತ ನಿಂತೆವು. ನನ್ನ ಬಸ್ಸು ಹಾರ್ನ್ ಹೊಡೆದು ಹೋಯಿತು. ಆಮೇಲೆ ಅಪ್ಪಯ್ಯ ಹೆಬ್ಬಲಸಿನ ಹಲಗೆಯೊಂದನ್ನು ಎತ್ತಿ ಬ್ಲೇಡಿಗೆ ಕೊಟ್ಟರು. ಹುಡಿ ಎದ್ದಿತು. ಅಮ್ಮ ಒಳಗೆ ಹೋಗಲಿಲ್ಲ. ತಾನು ಒಳಗೆ ಹೋದರೆ ಅವರು ಆರಿಸಿಬಿಡುತ್ತಾರೆಂದು ಅವಳಿಗೆ ಗೊತ್ತಿತ್ತು. ಹಲಗೆ ಮುಗಿದು, ಅಪ್ಪಯ್ಯ ಇನ್ನೊಂದನ್ನು ಎತ್ತಿಕೊಳ್ಳುವವರೆಗೂ, ತಲೆಗೂದಲೆಲ್ಲ ಹಳದಿಯಾಗುತ್ತ, ಅಲ್ಲೇ ನಿಂತಿದ್ದಳು.